ಬಾಲ್ಯದ ಎಲ್ಲೆ

ಮನುಷ್ಯನಿಗೆ ಹಕ್ಕುಗಳುಂಟೆಂಬ ಮಾತು ಲೋಕದಲ್ಲಿ ಹಳೆಯದು. ಮಗುವಿಗೂ ಹಕ್ಕುಗಳುಂಟೆಂಬ ಮಾತು ಬಹು ಈಚಿನದು. ಇದರ ಕಾರಣವನ್ನು ದೂರ ಹೋಗಿ ಹುಡುಕಬೇಕಾದುದಿಲ್ಲ. ಹಕ್ಕನ್ನು ಕೇಳತಕ್ಕವನಿಗೆ ಸಭೆಯಲ್ಲಿ ನಿಂತು ಮಾತನಾಡುವ ಶಕ್ತಿ ಬೇಕು. ಮಗುವಿನ ಪರವಾಗಿ ಮಾತನಾಡುವವರು ತಾಯಿತಂದೆಗಳು. ಅವರೇ ಬಡವರಾಗಿ, ಸಾಲಗಾರರಾಗಿ, ಇನ್ನೊಬ್ಬರ ಹಂಗಿನಲ್ಲಿದ್ದರೆ ಮಗುವಿನ ಪರವಾದ ಮಾತು ಅಲ್ಲಿಗೇ ನಿಲ್ಲುವುದು. ಮಕ್ಕಳ ವಿಷಯದಲ್ಲಿ ಹಿಂದಿನವರು ವಾತ್ಸಲ್ಯವನ್ನು ಹೇಳಿದರು, ದಯೆಯನ್ನು ಹೇಳಿದರು, ಹಕ್ಕನ್ನು ಹೇಳಲಿಲ್ಲ. ಆ ಹಕ್ಕಿನ ವಿಚಾರವು ಇಂದು ವಿಶ್ವವಿದ್ಯಾನಿಲಯಗಳಲ್ಲಿ ಪದವೀಧರರು ಅಭ್ಯಾಸ ಮಾಡುವ ಒಂದು ಶಾಸ್ತ್ರವಾಗಿ ಬೆಳೆದಿದೆ. ಅದು ಒಂದೇ ವಿದ್ಯೆಯ ಸ್ವತ್ತಾಗದೆ ಹಲವು ವಿದ್ಯೆಗಳ ಕೂಟವಾಗಬೇಕಾಯಿತು. ಏತಕ್ಕೆ ಹಾಗಾಯಿತೆಂಬುದು ಹೆಗ್ಗಡದೇವನಕೋಟೆಯ ಸೀಮೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಚೆನ್ನಾಗಿ ತಿಳಿಯಬರುತ್ತದೆ.

೧

ಮೊದಲು ಏಳತಕ್ಕ ಪ್ರಶ್ನೆ ಇದು: ಮಗು ಎಂದರೆ ಯಾರು? ಎಷ್ಟು ವರ್ಷದವರೆಗೆ ಒಬ್ಬನನ್ನು ಮಗುವೆನ್ನಬೇಕು? ಸಂಸ್ಕೃತದಲ್ಲಿ ಐದರವರೆಗೆ ಕೌಮಾರ, ಹತ್ತರವರೆಗೆ ಪೌಗಂಡ, ಹದಿನೈದರವರೆಗೆ ಕೈಶೋರವೆಂಬ ವಿಭಾಗವುಂಟು. ಹಳ್ಳಿಯ ಒಕ್ಕಲಿಗನಿಗೆ ಈ ವಿಭಾಗದಿಂದ ಪ್ರಯೋಜನವಿರಲಿಲ್ಲ. ಅವನು ಎಣಿಸುತ್ತಿದ್ದುದು ವರ್ಷವನ್ನಲ್ಲ, ಕೆಲಸವನ್ನು. ಕುರಿಮರಿಯ ಹಿಂದೆ ಓಡಬಲ್ಲವನು ಒಂದು ಬಗೆ, ದನ ಕಾಯಬಲ್ಲವನು ಇನ್ನೊಂದು ಬಗೆ, ನೇಗಿಲ ಮೇಣಿಗೆ ಕೈ ಎಟುಕಿದವನು ಮತ್ತೊಂದು ಬಗೆ. ಹೆಣ್ಣುಮಗುವಿನ ಅಳತೆ ಇನ್ನೂ ಬೇರೆ: ತಮ್ಮನನ್ನು ಸೊಂಟದಲ್ಲಿ ಎತ್ತಿಕೊಳ್ಳಬಲ್ಲವಳಾದೊಡನೆಯೆ ಅವಳ ಬಾಲ್ಯ ಅರ್ಧ ಮುಗಿದಂತೆಯೆ.

ಈ ಅಳತೆ ಸ್ವಂತ ಮನೆಯ ಮಟ್ಟಿಗೆ ನಡೆಯುವವರೆಗೆ ಅದರಲ್ಲಿ ಕ್ರೌರ್ಯ ಕಾಣದು. ಮಗುವು ಕೆಲಸದೊಡನೆ ಬದುಕನ್ನೂ ಕಲಿಯುತ್ತಿತ್ತು. ಅದೇ ಅಳತೆ ಸಾಲದ ಲೆಕ್ಕಕ್ಕೆ ಇಳಿದಾಗ ಸಂಗತಿ ಬೇರೆಯಾಯಿತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಜೀತವೆಂಬ ಪದ್ಧತಿ ಎಲ್ಲರೂ ಬಲ್ಲದ್ದು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ಮೈಸೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ ನೆಲೆಸಿ, ಅದಕ್ಕೆ ರಾಂಪುರವೆಂಬ ಹೆಸರು ಕೊಟ್ಟು, ಅಲ್ಲಿಯ ಬಾಳನ್ನು ಬರೆದರು. ಅವರ ಬರಹದಿಂದ ಜೀತದ ಕ್ರಮ ಸ್ಪಷ್ಟವಾಗುತ್ತದೆ. ಬಡವನು ಉಳ್ಳವನಿಂದ ಮುಂಗಡ ಹಣ ಪಡೆಯುವನು. ಅದಕ್ಕೆ ಬದಲಾಗಿ ತಾನಾಗಲಿ ತನ್ನ ಮಗನಾಗಲಿ ಒಂದರಿಂದ ಮೂರು ವರ್ಷ ಆ ಮನೆಯಲ್ಲಿ ದುಡಿಯತಕ್ಕದ್ದು. ಕರಾರು ಸಾಮಾನ್ಯವಾಗಿ ಕಾಗದದ ಮೇಲೆಯೂ ಇರುತ್ತಿತ್ತು. ಇಲ್ಲಿ ಕರಾರು ಮಾಡಿಕೊಂಡವರು ಇಬ್ಬರು, ದುಡಿಯುವವನು ಮೂರನೆಯವನು. ಆ ಮೂರನೆಯವನನ್ನು ಯಾರೂ ಕೇಳಲಿಲ್ಲ. ಮಕ್ಕಳ ಹಕ್ಕಿನ ಚರಿತ್ರೆಯೆಲ್ಲ ಈ ಮೂರನೆಯವನ ಚರಿತ್ರೆಯೆಂದರೆ ತಪ್ಪಾಗದು.

೨

ಮೈಸೂರು ಸಂಸ್ಥಾನದಲ್ಲಿ ಕಾನೂನು ಬಾಲ್ಯಕ್ಕೆ ಎಳೆದ ಗೆರೆಗಳಲ್ಲಿ ಬಹು ಪ್ರಸಿದ್ಧವಾದುದು ಮದುವೆಗೆ ಸಂಬಂಧಿಸಿದುದು. ೧೮೯೪ರಲ್ಲಿ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯ ಕೊನೆಯ ವರ್ಷದಲ್ಲಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ಶಿಶುವಿವಾಹ ನಿಷೇಧದ ರೆಗ್ಯುಲೇಷನ್ ಜಾರಿಗೆ ಬಂತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡುವುದು ಅದರ ಪ್ರಕಾರ ಅಪರಾಧ. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ವರಿಸುವುದೂ ಅಪರಾಧ. ಎಂಟು ವರ್ಷವೆಂಬ ಎಲ್ಲೆಯನ್ನು ಕಂಡು ಇಂದಿನವರು ನಗಬಹುದು. ಅಷ್ಟಕ್ಕೇ ಆ ಕಾಲದಲ್ಲಿ ಶಾಸ್ತ್ರಾಧಾರಗಳ ಕುರಿತು ಬಿರುಸಾದ ವಾದ ನಡೆಯಿತೆಂಬುದನ್ನು ನೆನೆದರೆ ನಗೆ ನಿಲ್ಲುತ್ತದೆ. ಮನೆಯೊಳಗಣ ವಿಷಯದಲ್ಲಿ ಸರ್ಕಾರವು ಮಗುವಿನ ಪರವಾಗಿ ಕೈಹಾಕಬಹುದೆಂಬ ತತ್ತ್ವ ಅಲ್ಲಿ ಒಪ್ಪಿತವಾಯಿತು. ಬ್ರಿಟಿಷ್ ಪ್ರಾಂತಗಳಲ್ಲಿ ೧೯೨೯ರ ಶಾರದಾ ಶಾಸನವು ಮದುವೆಯ ವಯಸ್ಸನ್ನು ಹೆಣ್ಣಿಗೆ ೧೪, ಗಂಡಿಗೆ ೧೮ ಎಂದು ನಿಗದಿಮಾಡಿತು. ೧೯೭೮ರ ತಿದ್ದುಪಡಿಯಿಂದ ಅದು ೧೮ ಮತ್ತು ೨೧ ಆಯಿತು. ಎಂಟರಿಂದ ಹದಿನೆಂಟಕ್ಕೆ ಏರಲು ಎಂಬತ್ತನಾಲ್ಕು ವರ್ಷ ಬೇಕಾಯಿತು.

ಎರಡನೆಯ ಗೆರೆ ಕಾರ್ಖಾನೆಯ ಬಾಗಿಲಲ್ಲಿ ಬಿತ್ತು. ಬ್ರಿಟಿಷ್ ಸರ್ಕಾರದ ೧೮೮೧ರ ಕಾರ್ಖಾನೆ ಕಾನೂನು ಏಳು ವರ್ಷ ತುಂಬದ ಮಕ್ಕಳನ್ನು ದುಡಿಸಬಾರದೆಂದಿತು. ೧೮೯೧ರಲ್ಲಿ ಆ ಎಲ್ಲೆ ಒಂಬತ್ತಕ್ಕೂ ೧೯೨೨ರಲ್ಲಿ ಹನ್ನೆರಡಕ್ಕೂ ಏರಿತು. ೧೯೩೩ರಲ್ಲಿ ಮಕ್ಕಳ ದುಡಿಮೆಯನ್ನು ಒತ್ತೆಯಿಡುವುದನ್ನು ನಿಷೇಧಿಸಿದ ಶಾಸನ ಬಂತು. ಹದಿನೈದು ತುಂಬದ ಮಗುವಿನ ದುಡಿಮೆಯನ್ನು ಸಾಲಕ್ಕೆ ಒತ್ತೆಯಿಟ್ಟ ಕರಾರು ಅಸಿಂಧು. ಒತ್ತೆಯಿಟ್ಟ ತಂದೆಗೆ ಐವತ್ತು ರೂಪಾಯಿಯವರೆಗೆ, ಇಟ್ಟುಕೊಂಡ ಧಣಿಗೆ ಇನ್ನೂರು ರೂಪಾಯಿಯವರೆಗೆ ದಂಡ. ಕಾನೂನು ಮೂರನೆಯವನ ಕಡೆ ಕಣ್ಣೆತ್ತಿ ನೋಡಿದುದು ಇಲ್ಲಿ.

ಮೂರನೆಯ ಗೆರೆ ಶಾಲೆಯದು. ಗೋಪಾಲಕೃಷ್ಣ ಗೋಖಲೆಯವರು ೧೯೧೧ರಲ್ಲಿ ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ ಕಡ್ಡಾಯ ಶಿಕ್ಷಣವಾಗಬೇಕೆಂದು ತಂದ ಮಸೂದೆ ಮರುವರ್ಷ ಬಿದ್ದುಹೋಯಿತು. ಬಡೋದೆಯ ಸಂಸ್ಥಾನವಾದರೋ ೧೯೦೬ರಲ್ಲಿಯೇ ಈ ಕೆಲಸಕ್ಕೆ ಕೈಹಾಕಿತ್ತು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ೧೯೧೩ರ ಪ್ರಾಥಮಿಕ ಶಿಕ್ಷಣ ರೆಗ್ಯುಲೇಷನ್ ಹೊರಟಿತು. ಕಡ್ಡಾಯವು ಆಯ್ದ ಕೆಲವು ಸ್ಥಳಗಳಲ್ಲಿ ಮಾತ್ರ ಜಾರಿಗೆ ಬರತಕ್ಕದ್ದೆಂದು ಏರ್ಪಾಡಾಯಿತು. ಮುಂದೆ ೧೯೩೦ರ ಕಾನೂನು ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ೧೯೪೧ರಲ್ಲಿ ಸರ್ಕಾರವೇ ಅವನ್ನು ಹಿಂದಕ್ಕೆ ತೆಗೆದುಕೊಂಡಿತು. ಕಡ್ಡಾಯವೆಂಬ ಮಾತು ಪೇಟೆಗಳಿಂದ ಹೊರಟು ಕಾಡಂಚನ್ನು ಮುಟ್ಟುವುದಕ್ಕೆ ಇನ್ನೂ ಬಹುಕಾಲ ಹಿಡಿಯಿತು.

ಇದೇ ಅವಧಿಯಲ್ಲಿ ಯೂರೋಪಿನಲ್ಲಿಯೂ ಒಂದು ಸಂಗತಿ ನಡೆಯಿತು. ಮೊದಲನೆಯ ಮಹಾಯುದ್ಧದ ತರುವಾಯ ಹಸಿದ ಮಕ್ಕಳಿಗೆ ಅನ್ನ ಒದಗಿಸಲು ಹೊರಟ ಎಗ್ಲಂಟೈನ್ ಜೆಬ್ ಎಂಬ ಆಂಗ್ಲ ಮಹಿಳೆ, ಪ್ರಪಂಚವು ಮಕ್ಕಳಿಗೆ ಏನೇನನ್ನು ಸಲ್ಲಿಸಬೇಕೆಂಬುದನ್ನು ಐದೇ ಅಂಶಗಳಲ್ಲಿ ಬರೆದಳು. ಅದನ್ನು ೧೯೨೪ರಲ್ಲಿ ಜಿನೀವಾದಲ್ಲಿ ರಾಷ್ಟ್ರಗಳ ಸಂಘವು ಅಂಗೀಕರಿಸಿತು. ಅದು ಹೇಳಿದುದು ಹಿರಿಯರ ಕರ್ತವ್ಯವನ್ನು. ಮಗುವಿನ ಮಾತನ್ನು ಕೇಳಬೇಕೆಂದು ಅಲ್ಲಿ ಬರೆದಿರಲಿಲ್ಲ. ಆ ಮಾತು ೧೯೮೯ರ ನವೆಂಬರ್ ೨೦ರಂದು ವಿಶ್ವಸಂಸ್ಥೆಯು ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಬಂತು. ಹದಿನೆಂಟು ತುಂಬುವವರೆಗೆ ಮಗುವೆಂಬ ಎಲ್ಲೆಯನ್ನೂ, ತನಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವು ಅಭಿಪ್ರಾಯ ಹೇಳಬಹುದೆಂಬ ಹಕ್ಕನ್ನೂ ಅದು ಸಾರಿತು. ಭಾರತವು ೧೯೯೨ರ ಡಿಸೆಂಬರಿನಲ್ಲಿ ಅದಕ್ಕೆ ಸಮ್ಮತಿಯಿತ್ತಿತು.

೩

ಈ ಗೆರೆಗಳೆಲ್ಲ ಕಾಗದದ ಮೇಲಿನವು. ಅವು ನೆಲದ ಮೇಲೆ ಹೇಗೆ ಬಿದ್ದುವೆಂಬುದನ್ನು ನೋಡಬೇಕಾದರೆ ಮೈಸೂರು ಜಿಲ್ಲೆಯ ತೆಂಕಣ ಪಡುವಣ ಮೂಲೆಗೆ ಬರಬೇಕು. ಹೆಗ್ಗಡದೇವನಕೋಟೆಯೂ ಅದರಿಂದ ಬೇರೆ ತಾಲ್ಲೂಕಾದ ಸರಗೂರೂ ಕಬಿನಿಯ ಎರಡು ಮಗ್ಗುಲಲ್ಲಿ ಹಬ್ಬಿ ಕಾಡಿಗೆ ತಗಲಿಕೊಂಡಿವೆ. ಇಲ್ಲಿಯೂ ನೆರೆಯ ಹುಣಸೂರು, ಪಿರಿಯಾಪಟ್ಟಣಗಳಲ್ಲಿಯೂ ಜೇನುಕುರುಬರು, ಬೆಟ್ಟಕುರುಬರು, ಯರವರು ಹಾಡಿಗಳಲ್ಲಿ ವಾಸಮಾಡುತ್ತಾರೆ. ಊರ ಕಡೆಯ ಹೊಲಗಳಲ್ಲಿ ರಾಗಿ, ಹತ್ತಿಗಳ ಜೊತೆಗೆ ಹೊಗೆಸೊಪ್ಪಿನ ಬೆಳೆ.

ಇಪ್ಪತ್ತನೆಯ ಶತಮಾನದ ಎಂಟನೆಯ ದಶಕದಲ್ಲಿ ಈ ಸೀಮೆಯ ಮಕ್ಕಳ ಬಾಳನ್ನು ಮೂರು ಸಂಗತಿಗಳು ತಿರುಗಿಸಿದುವು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾನೂನು, ೧೯೭೩ರಲ್ಲಿ ಬಂಡೀಪುರಕ್ಕೆ ಬಂದ ಹುಲಿ ಯೋಜನೆ, ಇವುಗಳ ಫಲವಾಗಿ ಕಾಡಿನೊಳಗಣ ಹಾಡಿಗಳು ಹೊರಕ್ಕೆ ಬಂದುವು. ೧೯೭೪ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು ಹಿನ್ನೀರು ಹಳ್ಳಿಗಳನ್ನೂ ಕಾಡನ್ನೂ ಮುಳುಗಿಸಿತು. ೧೯೭೫ರ ಅಕ್ಟೋಬರಿನಲ್ಲಿ ಜೀತವು ಕಾನೂನಿನಿಂದ ರದ್ದಾಯಿತು. ಮರುವರ್ಷ ಶಾಸನವಾದ ಆ ಕಾನೂನು ದೇಶದ ನಾನಾ ಭಾಗಗಳ ಜೀತಪದ್ಧತಿಗಳ ಹೆಸರುಗಳನ್ನು ಪಟ್ಟಿಮಾಡುತ್ತದೆ. ಆ ಪಟ್ಟಿಯಲ್ಲಿ ಜೀತವೆಂಬ ಕನ್ನಡದ ಮಾತೂ ಸೇರಿದೆ. ಹುಣಸೂರಿನ ಪ್ರತಿನಿಧಿಯಾಗಿದ್ದ ದೇವರಾಜ ಅರಸರು ಆಗ ಮುಖ್ಯಮಂತ್ರಿಗಳು. ಬಡವರ ಸಾಲದ ಪರಿಹಾರವೂ ಅವರ ಸರ್ಕಾರದ ಕಾರ್ಯಗಳಲ್ಲೊಂದು. ಒಂದು ಕೈ ಜೀತದ ಹಗ್ಗ ಬಿಚ್ಚಿತು. ಇನ್ನೊಂದು ಕೈ ಕಾಡಿನವರ ನೆಲೆ ಕಿತ್ತಿತು. ಎರಡೂ ಸರ್ಕಾರದ ಕೈಗಳೇ. ನೆಲೆ ಕಳೆದುಕೊಂಡ ಮನೆಯ ಮಗು ಕೂಲಿಗೆ ಹೊರಡುವುದರಲ್ಲಿ ಆಶ್ಚರ್ಯವೇನು?

ನಾಗರಹೊಳೆಯಿಂದ ಹೊರಬಂದವರ ಸ್ಥಿತಿಯನ್ನು ವಿಚಾರಿಸಲು ಉಚ್ಚ ನ್ಯಾಯಾಲಯವು ನೇಮಿಸಿದ ಸಮಿತಿಗೆ ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರದ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿಯವರು ಅಧ್ಯಕ್ಷರಾಗಿದ್ದರು. ಅದರ ೨೦೧೪ರ ವರದಿಯಲ್ಲಿ ೩,೪೧೮ ಕುಟುಂಬಗಳ ಲೆಕ್ಕವಿದೆ. ಲೆಕ್ಕ ಕುಟುಂಬಗಳದು, ಆ ಸಂಖ್ಯೆಯೊಳಗೆ ಎಷ್ಟು ಮಕ್ಕಳ ಶಾಲೆ, ಭಾಷೆ, ಆಟ, ಆಹಾರಗಳು ಅಡಗಿದ್ದುವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

೪

ಒಂದು ವಿದ್ಯೆಯಿಂದ ಮಗುವಿನ ಕಷ್ಟ ತಿಳಿಯದೆಂಬುದಕ್ಕೆ ಇಂಥ ಸೀಮೆಯೇ ಸಾಕ್ಷಿ. ಕಾಫಿ ಕೊಯ್ಲಿನ ಕಾಲಕ್ಕೆ ಹಾಡಿಯ ಸಂಸಾರಗಳು ಕೊಡಗಿನ ತೋಟಗಳಿಗೆ ಹೊರಡುವುದು ವಾಡಿಕೆ. ಮಕ್ಕಳೂ ಜೊತೆಗೆ ಹೋಗುವುದುಂಟು. ಹತ್ತು ವರ್ಷದ ಒಂದು ಹುಡುಗಿ ಹಾಗೆ ಹೋದಳೆಂದಿಟ್ಟುಕೊಳ್ಳೋಣ. ಉಪಾಧ್ಯಾಯನಿಗೆ ಅವಳು ಹಾಜರಿ ಪುಸ್ತಕದಲ್ಲಿ ಒಂದು ಖಾಲಿ ಮನೆ. ಕಾರ್ಮಿಕ ಇಲಾಖೆಯವನಿಗೆ ತೋಟದಲ್ಲಿ ಸಿಕ್ಕಿದ ಬಾಲಕಾರ್ಮಿಕಳು. ವೈದ್ಯನಿಗೆ ರಕ್ತಹೀನಳಾದ ರೋಗಿ. ಈ ಜನಗಳಲ್ಲಿ ಕುಡುಗೋಲು ಕಣದ ರಕ್ತದೋಷವೂ ಇರುವುದರಿಂದ ಅವನು ಅದನ್ನೂ ಶಂಕಿಸಬೇಕು. ಭಾಷಾಶಾಸ್ತ್ರಜ್ಞನಿಗೆ ಅವಳು ಮನೆಯಲ್ಲಿ ಒಂದು ನುಡಿಯಾಡಿ ಶಾಲೆಯಲ್ಲಿ ಇನ್ನೊಂದನ್ನು ಕೇಳುವವಳು. ಜೇನುಕುರುಬರ ನುಡಿ ಕನ್ನಡಕ್ಕೆ ಹತ್ತಿರವಾದುದಾದರೂ ಪುಸ್ತಕದ ಕನ್ನಡವಲ್ಲ, ಯರವರ ನುಡಿಯಂತೂ ಇನ್ನೂ ದೂರ. ಮಾನವಶಾಸ್ತ್ರಜ್ಞನು ಬಂದು, ಮಗುವನ್ನು ಹಿಂದೆ ಬಿಡದೆ ಕರೆದೊಯ್ದುದು ಅಲಕ್ಷ್ಯವಲ್ಲ, ಅದು ಆ ಜನರ ವಾತ್ಸಲ್ಯದ ರೀತಿಯೆಂದು ಹೇಳಬಹುದು. ಇವರೊಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಒಬ್ಬೊಬ್ಬನ ಮಾತನ್ನೇ ಹಿಡಿದು ನಡೆದರೆ, ಹುಡುಗಿಯನ್ನು ತೋಟದಿಂದ ಬಿಡಿಸಿ ಹಸಿವಿಗೆ ಒಪ್ಪಿಸಬಹುದು. ಇಲ್ಲವೆ ಶಾಲೆಗೆ ಸೇರಿಸಿ ತಾಯಿಯಿಂದ ಅಗಲಿಸಬಹುದು.

ಈ ತಿಳಿವಿನಿಂದಲೇ ಮಕ್ಕಳ ಹಕ್ಕಿನ ಅಭ್ಯಾಸವು ಬೇರೆಯಾದ ಒಂದು ಶಾಸ್ತ್ರವಾಗಿ ನಿಂತಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ೧೯೯೬ರಲ್ಲಿ ಮಗು ಮತ್ತು ಕಾನೂನಿನ ಕೇಂದ್ರ ಸ್ಥಾಪಿತವಾಯಿತು. ಮಕ್ಕಳ ಹಕ್ಕಿನ ಕಾನೂನಿನಲ್ಲಿ ಸ್ನಾತಕೋತ್ತರ ಡಿಪ್ಲೊಮಾವನ್ನು ಆ ವಿದ್ಯಾಲಯವು ದೂರಶಿಕ್ಷಣದ ಮೂಲಕ ಬೋಧಿಸತೊಡಗಿತು. ಜಿನೀವಾ ವಿಶ್ವವಿದ್ಯಾನಿಲಯವು ಸಿಯೋಂ ಪಟ್ಟಣದ ತನ್ನ ಕೇಂದ್ರದಲ್ಲಿ ಕಾನೂನು, ಮನಶ್ಶಾಸ್ತ್ರ, ಸಮಾಜಶಾಸ್ತ್ರಗಳನ್ನು ಒಂದುಗೂಡಿಸಿದ ಸ್ನಾತಕೋತ್ತರ ಪದವಿಯನ್ನು ಇದೇ ವಿಷಯಕ್ಕೆ ಏರ್ಪಡಿಸಿತು. ಮೈಸೂರಿನವರು ಈ ಕೂಟಕ್ಕೆ ಬೇಕಾದ ವಿದ್ಯೆಗಳನ್ನು ಹೊರಗೆ ಹುಡುಕಬೇಕಾಗಿಲ್ಲ. ೧೯೬೩ರಿಂದ ಪ್ರಾಂತೀಯ ಶಿಕ್ಷಣ ಸಂಸ್ಥೆ, ೧೯೬೫ರಿಂದ ವಾಕ್ ಶ್ರವಣ ಸಂಸ್ಥೆ ಇಲ್ಲಿ ನಡೆಯುತ್ತಿವೆ. ಮಾನಸಗಂಗೋತ್ರಿಯಲ್ಲಿ ಸಮಾಜಕಾರ್ಯ, ಮಾನವಶಾಸ್ತ್ರಗಳ ವಿಭಾಗಗಳಿವೆ. ಮಕ್ಕಳ ಮನೋರೋಗದ ವಿಷಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಹೆಸರುವಾಸಿಯಾಗಿದೆ.

ವಿದ್ಯೆಗಳು ಒಂದರ ಬಾಗಿಲನ್ನು ಇನ್ನೊಂದು ತಟ್ಟಬೇಕಾಗುವುದಕ್ಕೆ ಹೆಗ್ಗಡದೇವನಕೋಟೆಯಲ್ಲಿಯೇ ಒಂದು ನಿದರ್ಶನವಿದೆ. ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು ೧೯೮೪ರಲ್ಲಿ ವಿವೇಕಾನಂದರ ಹೆಸರಿನಲ್ಲಿ ಒಂದು ತರುಣ ಸಂಘವನ್ನು ಕಟ್ಟಿ, ಮುಂದೆ ಈ ತಾಲ್ಲೂಕಿನ ಹಾಡಿಗಳಿಗೆ ಔಷಧದ ಪೆಟ್ಟಿಗೆಯೊಡನೆ ಬಂದರು. ಔಷಧದಿಂದ ಹೊರಟ ಕೆಲಸವು ಕೆಲವೇ ವರ್ಷಗಳಲ್ಲಿ ಹೊಸಹಳ್ಳಿಯ ಗಿರಿಜನ ಮಕ್ಕಳ ಶಾಲೆಯವರೆಗೆ ಬೆಳೆಯಿತು. ವೈದ್ಯರು ಉಪಾಧ್ಯಾಯರ ಕೆಲಸವನ್ನು ತಲೆಯ ಮೇಲೆ ಹೊತ್ತುದು ಹವ್ಯಾಸಕ್ಕಾಗಿ ಅಲ್ಲ. ರೋಗದ ಬೇರು ಆಸ್ಪತ್ರೆಯ ಹೊರಗಿತ್ತು.

ಮಗುವಿನ ಮಾತನ್ನು ಕೇಳತಕ್ಕದ್ದೆಂಬ ತತ್ತ್ವಕ್ಕೂ ಕರ್ನಾಟಕದಲ್ಲಿ ಪ್ರಯೋಗ ನಡೆಯಿತು. ನಂದನಾ ರೆಡ್ಡಿಯವರು ಮೊದಲಾದವರ ಪ್ರೋತ್ಸಾಹದಿಂದ ದುಡಿಯುವ ಮಕ್ಕಳೇ ೧೯೯೦ರಲ್ಲಿ ಭೀಮ ಸಂಘವೆಂಬ ತಮ್ಮ ಒಕ್ಕೂಟವನ್ನು ಕಟ್ಟಿಕೊಂಡರು. ಮುಂದೆ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ಸೇರಿಸುವ ಪದ್ಧತಿಯೂ ಬಂತು. ಮೂರನೆಯವನಿಗೆ ಕೊನೆಗೆ ಒಂದು ಸಭೆ ಸಿಕ್ಕಿತು. ಅಲ್ಲಿ ಅವನು ಆಡಿದ ಮಾತನ್ನು ಹಿರಿಯರು ಬರೆದುಕೊಂಡು ನಡೆಸುವರೆ ಎಂಬುದು ಬೇರೆ ಪ್ರಶ್ನೆ.

೫

ಇನ್ನು ವಯಸ್ಸಿನ ವಿಚಾರಕ್ಕೆ ಹಿಂದಿರುಗಬೇಕು. ಹಕ್ಕುಗಳೆಲ್ಲ ವಯಸ್ಸಿನ ಮೇಲೆ ನಿಂತಿರುವಾಗ, ವಯಸ್ಸು ಗೊತ್ತಾಗುವುದು ಹೇಗೆ? ೨೦೧೫ರ ಬಾಲನ್ಯಾಯ ಕಾನೂನು ಅದಕ್ಕೆ ಕ್ರಮವನ್ನು ಹೇಳಿದೆ. ಮೊದಲು ಶಾಲೆಯ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪತ್ರ. ಅವಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯತಿಯ ಜನನಪತ್ರ. ಅದೂ ಇಲ್ಲದಿದ್ದರೆ ಮಾತ್ರ ಎಲುಬಿನ ಬೆಳೆವಣಿಗೆಯ ವೈದ್ಯಪರೀಕ್ಷೆ. ಎಲುಬಿನ ಪರೀಕ್ಷೆಯಲ್ಲಿ ಎರಡು ವರ್ಷ ಹೆಚ್ಚುಕಡಮೆಯಾಗಬಹುದೆಂದು ನ್ಯಾಯಾಲಯಗಳೂ ಒಪ್ಪುತ್ತವೆ. ಜನನಮರಣಗಳ ನೋಂದಣಿಯ ಕಾನೂನು ಬಂದುದು ೧೯೬೯ರಲ್ಲಿ. ಹಾಡಿಯ ಗುಡಿಸಲಲ್ಲಿ ಹುಟ್ಟಿದ ಎಲ್ಲ ಮಕ್ಕಳ ಹೆಸರೂ ಆ ಪುಸ್ತಕಕ್ಕೆ ಏರಲಿಲ್ಲ. ಅಂಥ ಮಗುವನ್ನು ಶಾಲೆಗೆ ಸೇರಿಸುವ ದಿನ ಉಪಾಧ್ಯಾಯನು ಅದರ ಎತ್ತರವನ್ನೂ ಹಲ್ಲನ್ನೂ ನೋಡಿ ಒಂದು ತಾರೀಖು ಬರೆಯುತ್ತಿದ್ದನು. ಹಳೆಯ ದಾಖಲೆ ಪುಸ್ತಕಗಳಲ್ಲಿ ಜೂನ್ ತಿಂಗಳ ಮೊದಲ ದಿನ ಹುಟ್ಟಿದವರು ಅಷ್ಟು ಮಂದಿ ಏಕೆಂಬುದು ಹಳ್ಳಿಯ ಶಾಲೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಮುಂದೆ ಅದೇ ತಾರೀಖು ನ್ಯಾಯಾಲಯದಲ್ಲಿ ಸತ್ಯವಾಗುತ್ತದೆ. ಆ ಹುಡುಗಿಯ ಮದುವೆ ಅಪರಾಧವೋ ಅಲ್ಲವೋ, ಆ ಹುಡುಗನನ್ನು ಬಾಲಮಂದಿರಕ್ಕೆ ಕಳುಹಿಸಬೇಕೋ ಬೇಡವೋ ಎಂಬುದು ಎಂದೋ ಒಂದು ಬೆಳಗ್ಗೆ ಉಪಾಧ್ಯಾಯನ ಲೇಖನಿ ಊಹಿಸಿದ ಅಂಕಿಯ ಮೇಲೆ ನಿಲ್ಲುತ್ತದೆ.

ವಯಸ್ಸು ಸರಿಯಾಗಿ ಗೊತ್ತಾದರೂ ತೊಡಕು ತೀರಲಿಲ್ಲ. ೧೯೫೦ರ ಸಂವಿಧಾನವು ಹತ್ತು ವರ್ಷದೊಳಗೆ ಹದಿನಾಲ್ಕರವರೆಗಿನ ಮಕ್ಕಳಿಗೆಲ್ಲ ಶಿಕ್ಷಣ ದೊರಕಿಸಲು ಸರ್ಕಾರ ಯತ್ನಿಸತಕ್ಕದ್ದೆಂದಿತ್ತು. ಅದು ಹಕ್ಕಾಗಲು ಅರ್ಧ ಶತಮಾನ ಬೇಕಾಯಿತು. ಕರ್ನಾಟಕದ ವೈದ್ಯಕೀಯ ಕಾಲೇಜಿನ ಶುಲ್ಕದ ಕುರಿತಾದ ಮೋಹಿನಿ ಜೈನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೨ರಲ್ಲಿ ಶಿಕ್ಷಣವು ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದಿತು. ಮರುವರ್ಷದ ಉಣ್ಣಿಕೃಷ್ಣನ್ ತೀರ್ಪು ಅದನ್ನು ಹದಿನಾಲ್ಕರವರೆಗೆ ಎಂದು ಗೊತ್ತುಮಾಡಿತು. ೨೦೦೨ರಲ್ಲಿ ಸಂವಿಧಾನದ ತಿದ್ದುಪಡಿಯಾಗಿ ೨೦೧೦ರ ಏಪ್ರಿಲ್ ಮೊದಲ ದಿನ ಕಾನೂನು ಜಾರಿಗೆ ಬಂತು. ಆ ಹಕ್ಕು ಆರರಿಂದ ಹದಿನಾಲ್ಕರವರೆಗೆ. ದುಡಿಮೆಯ ಪೂರ್ಣ ನಿಷೇಧವೂ, ೨೦೧೬ರ ತಿದ್ದುಪಡಿಯಂತೆ, ಹದಿನಾಲ್ಕರವರೆಗೆ. ಅದಕ್ಕೂ ಶಾಲೆಯ ಹೊತ್ತಿನ ಹೊರಗೆ ಮನೆಯವರ ಕೆಲಸದಲ್ಲಿ ನೆರವಾಗುವುದಕ್ಕೆ ವಿನಾಯಿತಿಯುಂಟು. ಹದಿನಾಲ್ಕರ ಮೇಲೆ ಅಪಾಯದ ಕೆಲಸಗಳು ಮಾತ್ರ ನಿಷಿದ್ಧ. ಮದುವೆಯ ಎಲ್ಲೆಯಾದರೋ ಹದಿನೆಂಟು. ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧುವೆಂದು ಕರ್ನಾಟಕದ ೨೦೧೬ರ ತಿದ್ದುಪಡಿ ಸಾರಿದೆ.

ಈ ಎರಡು ಗೆರೆಗಳ ನಡುವೆ ನಾಲ್ಕು ವರ್ಷದ ಬಯಲಿದೆ. ಹದಿನೈದು ವರ್ಷದ ಹುಡುಗಿಗೆ ಶಾಲೆಯ ಹಕ್ಕು ಮುಗಿದಿದೆ. ಕೂಲಿಗೆ ಹೋಗಲು ಅಡ್ಡಿಯಿಲ್ಲ. ಮದುವೆಗೆ ಮಾತ್ರ ಕಾನೂನು ಬೇಡವೆನ್ನುತ್ತದೆ. ಎಂಟನೆಯ ತರಗತಿ ಮುಗಿದ ಊರಲ್ಲಿ ಪ್ರೌಢಶಾಲೆಯಿಲ್ಲದಿದ್ದರೆ, ಅದು ಇರುವ ಊರಿಗೆ ಹೋಗುವ ದಾರಿ ಆನೆ ತಿರುಗುವ ಕಾಡಂಚಿನದಾದರೆ, ತಾಯಿತಂದೆಗಳು ಮಗಳನ್ನು ಏನು ಮಾಡಬೇಕು? ಮನೆಯಲ್ಲಿ ಇರಿಸಿಕೊಳ್ಳುವರು, ತರುವಾಯ ಬಂದ ಸಂಬಂಧಕ್ಕೆ ಒಪ್ಪುವರು. ಮದುವೆಯನ್ನು ತಡೆಯಲು ಬಂದ ಅಧಿಕಾರಿಗೆ ಕಾಣುವುದು ತಂದೆಯ ಅಪರಾಧ; ಇಲ್ಲದ ಪ್ರೌಢಶಾಲೆಯ ಮೇಲೆ ಮೊಕದ್ದಮೆ ಹೂಡಲು ಯಾವ ಕಾಯಿದೆಯಲ್ಲಿಯೂ ಎಡೆಯಿಲ್ಲ.

ಮಕ್ಕಳ ಹಕ್ಕಿನ ಶಾಸ್ತ್ರಕ್ಕೆ ಮುಂದೆ ಇರುವ ಕೆಲಸ ಇದು. ಒಂದೊಂದು ಇಲಾಖೆಯೂ ತನ್ನ ಗೆರೆಯನ್ನು ತಾನು ಕಾಯುತ್ತ ನಿಂತಿರುವಾಗ, ಗೆರೆಗೂ ಗೆರೆಗೂ ನಡುವೆ ಬಿದ್ದ ಮಗುವನ್ನು ನೋಡತಕ್ಕವರನ್ನು ಅದು ತಯಾರುಮಾಡಬೇಕು. ಕಾನೂನು ಓದಿದವನು ಹಾಡಿಯ ನುಡಿಯನ್ನು ಸ್ವಲ್ಪ ಕಲಿಯಲಿ. ವೈದ್ಯನು ದಾಖಲೆ ಪುಸ್ತಕವನ್ನು ತೆರೆದು ನೋಡಲಿ. ಉಪಾಧ್ಯಾಯನು ತಾನು ಬರೆಯುವ ಒಂದು ತಾರೀಖಿನ ತೂಕವನ್ನು ಅರಿಯಲಿ. ೧೮೯೪ರಲ್ಲಿ ಎಂಟು ವರ್ಷವೆಂಬ ಚಿಕ್ಕ ಗೆರೆ ಎಳೆಯುವುದಕ್ಕೆ ಧೈರ್ಯ ಬೇಕಾಗಿತ್ತು. ಹದಿನಾಲ್ಕರಿಂದ ಹದಿನೆಂಟರವರೆಗಿನ ನಾಲ್ಕು ವರ್ಷಕ್ಕೆ ಊರಿಗೆ ಹತ್ತಿರವಾದ ಒಂದು ಶಾಲೆಯನ್ನೂ ಅಲ್ಲಿಗೆ ನಿರ್ಭಯವಾದ ಒಂದು ದಾರಿಯನ್ನೂ ಒದಗಿಸುವುದಕ್ಕೆ ಅಷ್ಟು ಧೈರ್ಯ ಬೇಡ, ಮನಸ್ಸೊಂದಿದ್ದರೆ ಸಾಕು.